ಒಳಕೋಣೆಯ ಪ್ಯಾರಲಲ್

ನಿಮ್ಮ ಲೈನಿನ ಮೇಲೆ ಇನ್ನೊಂದು ಫೋನು ಇದೆ ಎಂದು ಟೆಲಿಫೋನ್ ಕಚೇರಿಯ ಸುಜಯ ಹೆಗಡೆ ಹೇಳಿದಾಗ ಪರಮೇಶ್ವರಪ್ಪ ಕೈಯಲ್ಲಿದ್ದ ಚಹದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಇಟ್ಟಮೇಲೆ, ಯಾಕೆ ಇಟ್ಟೆ, ಇವನಿಗೆ ಏನಾದರೂ ಅನುಮಾನ ಬಂತೇ ಎಂದು ಯೋಚಿಸಿ ಮತ್ತೆ ಎತ್ತಿಕೊಂಡರು. ಹನ್ನೊಂದರ ಬಿಸಿಲು ಪಡಸಾಲೆಯ ಕೆಂಪು ನೆಲದ ಮೇಲೆ ಕಿಟಕಿಯ ಸರಳುಗಳನ್ನು ಬರೆದಿತ್ತು. ಹೊರಗೆ ಬನವಾಸಿಯ ಬಸ್ಸು ಹೋಗಿ, ಅದರ ಹಿಂದೆ ಧೂಳು ಹೋಗಿ, ರಸ್ತೆ ಮತ್ತೆ ಖಾಲಿಯಾಯಿತು.

"ಇಲ್ಲ," ಎಂದರು. "ಈ ಮನ್ಯಾಗ ಫೋನು ಒಂದೇ."

"ಒಂದೇ ಅಂತೀರಿ, ಮತ್ತೆ ಈ ಮುಳ್ಳು ಎಂತಕ್ಕೆ ಜಿಗೀತು ಮಾರಾಯ್ರೆ?" ಸುಜಯ ಮೀಟರನ್ನು ಅವರ ಕಡೆ ತಿರುಗಿಸಿದ. "ನಿಮಗೆ ನಾನು ಹೇಳಿಕೊಡೋದಾ? ನೀವು ಮೂವತ್ತು ವರ್ಷ ಕಂಬ ಹತ್ತಿದವರು. ಎಲ್ಲೋ ಒಂದು ಪ್ಯಾರಲಲ್ ಜೀವಂತ ಇದೆ. ಯಾರೋ ಅದರ ರಿಸೀವರ್ ಎತ್ತುತ್ತಾರೆ. ಎತ್ತಿದ ಕೂಡ್ಲೆ ಇಂಟರ್ನೆಟ್ ಬೀಳ್ತದೆ."

"ದಿನಾ ಮೂರೂ ಮುಕ್ಕಾಲಕ್ಕ ಸರಿಯಾಗಿ ಎತ್ತತಾರೇನ್ರಿ, ಗಡಿಯಾರ ನೋಡ್ಕೊಂಡು?" ಎಂದಳು ಮಗಳು ಸ್ಫೂರ್ತಿ.

"ಹಂಗಾದ್ರೆ ಅದು ನಮ್ಮ ಕಚೇರಿಯವರಂತೂ ಅಲ್ಲ. ಟೈಮಿಗೆ ಬರ್ತದೆ ಅಂದ ಮೇಲೆ!"

ಇಬ್ಬರೂ ನಕ್ಕರು. ಪರಮೇಶ್ವರಪ್ಪನೂ ನಗಬೇಕಾಗಿತ್ತು, ತುಟಿ ಅಲ್ಲಿಯವರೆಗೆ ಹೋಗಿ ನಿಂತಿತು. ಸ್ಫೂರ್ತಿ ಲಗ್ನಪತ್ರಿಕೆ, ಊರಿನ ಸಂಘಗಳ ನೆನಪಿನ ಸಂಚಿಕೆ ಎಲ್ಲ ಟೈಪು ಮಾಡಿ ಹುಬ್ಬಳ್ಳಿಯ ಪ್ರೆಸ್ಸಿಗೆ ಕಳಿಸುವವಳು. ಬ್ರಾಡ್‌ಬ್ಯಾಂಡ್ ಬಂದು ನಾಲ್ಕು ತಿಂಗಳಾಗಿತ್ತು. ಪಡಸಾಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡರೆ ಬಂದವರೆಲ್ಲ ಹೆಗಲ ಮೇಲಿಂದ ಬಾಗಿ ತಮ್ಮ ಮಾವನ ಹೆಸರಿನ ದೀರ್ಘ ತಿದ್ದುತ್ತಾರೆ, ಕೆಲಸ ಸಾಗುವುದಿಲ್ಲ ಎಂದು ಅವಳು ಹೇಳುತ್ತಲೇ ಇದ್ದಳು. ಈಗಲೂ ಅದನ್ನೇ ಹೇಳಿದಳು. "ಹೆಂಗೂ ಬಂದೀರಿ. ಈ ಇಂಟರ್ನೆಟ್ ಲೈನ್ ಅವ್ವನ ಕೋಣಿಗೆ ಎಳದು ಕೊಟ್ಟು ಹೋಗ್ರಿ. ಹಳೇ ಪ್ಯಾರಲಲ್ಲಿನ ವಾಯರು ಅಲ್ಲಿ ತನಕಾ ಐತಿ. ಗ್ವಾಡಿ ಮ್ಯಾಲೆ ಡಬ್ಬಿನೂ ಐತಿ. ಬಹುಶಃ ನಿಮ್ಮ ದೆವ್ವ ಅದರಾಗ ಇರಬೇಕು."

ಸುಜಯ ಸ್ಕ್ರೂಡ್ರೈವರ್ ಹಿಡಿದು ಎದ್ದ.

"ಬ್ಯಾಡ!"

ಧ್ವನಿ ತಾವು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂದಿತ್ತು. ಸ್ಫೂರ್ತಿ ತಂದೆಯ ಮುಖ ನೋಡಿದಳು. "ನಾ ಮಾಡ್ತೀನಿ," ಎಂದು ಅವರು ಲೋಟದ ತಳವನ್ನು ನೋಡುತ್ತ ಅಂದರು. "ಇಷ್ಟಕ್ಕ ಆಫೀಸಿನವರ್ಯಾಕ." ಸುಜಯ ಮತ್ತೆ ಕೂತು, ಒಂದು ಕಾಗದದ ಮೇಲೆ ಗೆರೆ ಎಳೆದು, ಮೊದಲು ಸ್ಪ್ಲಿಟರ್, ಆಮೇಲೆ ಒಂದು ಕಡೆ ಫೋನು, ಇನ್ನೊಂದು ಕಡೆ ಮೋಡೆಮ್, ಹಳೇ ಜಾಯಿಂಟು ಒಂದೂ ಇರಬಾರದು, ತಿಳೀತಾ, ಎಂದು ಪಾಠ ಹೇಳಿದ. ಅವರು ತಲೆಯಾಡಿಸಿದರು. ತಮ್ಮ ಕೈಕೆಳಗೆ ಕಲಿತವರ ಕೈಕೆಳಗೆ ಕಲಿತ ಹುಡುಗ. ಅವನ ಬೆರಳುಗಳು ಎಷ್ಟು ಶುಭ್ರವಾಗಿವೆ ಎಂದು ನೋಡುತ್ತ, ತಮಗೆ ಅರಿವಿಲ್ಲದೆ ತಮ್ಮ ಅಂಗೈಯನ್ನು ಮೂಗಿನ ಹತ್ತಿರ ತಂದು, ತಟ್ಟನೆ ಕೆಳಗಿಳಿಸಿದರು.

ಒಳಕೋಣೆಯ ಡಬ್ಬಿಯನ್ನು ಬೇರೆ ಯಾರೂ ತೆರೆಯಬಾರದು. ಒಂಬತ್ತು ವರ್ಷಗಳಿಂದ ಅವರು ಕಾಯ್ದುಕೊಂಡು ಬಂದದ್ದು ಅದೊಂದನ್ನೇ. ತೆರೆದರೆ ತಿಳಿದೇ ತಿಳಿಯುತ್ತದೆ: ವಾಯರು ಇಲಿ ಕಡಿದದ್ದಲ್ಲ, ಸುಟ್ಟದ್ದಲ್ಲ, ಇಕ್ಕಳದ ಒಂದೇ ಹಿಡಿತಕ್ಕೆ ಕತ್ತರಿಸಿದ್ದು, ತುದಿಗಳು ಒಂದಕ್ಕೊಂದು ತಾಗದ ಹಾಗೆ ಹಿಂದಕ್ಕೆ ಮಡಚಿ ಒಳಗೆ ತುರುಕಿದ್ದು ಕೆಲಸ ಬಲ್ಲ ಕೈ. ಈ ಮನೆಯಲ್ಲಿ ಅಂಥ ಕೈ ಇದ್ದದ್ದು ಒಬ್ಬರಿಗೇ. ಸ್ಫೂರ್ತಿಗೆ ತಾಯಿಯ ಕೊನೆಯ ದಿನಗಳು ಕಣ್ಣಿಗೆ ಕಟ್ಟಿದ ಹಾಗಿವೆ. ಆ ಎರಡು ತುದಿಗಳನ್ನು ಅವಳು ಒಮ್ಮೆ ನೋಡಿದರೆ ಸಾಕು, ಉಳಿದದ್ದನ್ನೆಲ್ಲ ತಾನೇ ಕೂಡಿಸಿಕೊಳ್ಳುತ್ತಾಳೆ. ಆಮೇಲೆ ಈ ಮನೆಯಲ್ಲಿ ಅವಳು ಬಡಿಸಿದ ರೊಟ್ಟಿಯನ್ನು ತಲೆಯೆತ್ತಿ ತಿನ್ನುವುದು ಹೇಗೆ? ಆದರೆ ಇದಕ್ಕಿಂತ ಹೆಚ್ಚಾಗಿ ಅವರನ್ನು ಈಗ ಕಾಡಿದ್ದು ಬೇರೆ. ವಾಯರು ಕತ್ತರಿಸಿದೆ ಎಂದಮೇಲೆ ಆ ಫೋನು ಲೈನಿನ ಮೇಲೆ ಇರಲು ಸಾಧ್ಯವಿಲ್ಲ. ಮುಳ್ಳು ಜಿಗಿಯಬಾರದು. ಜಿಗಿದದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ತೊಂಬತ್ತೆಂಟರಲ್ಲಿ ಹೆಂಡತಿ ಗುರುಶಾಂತವ್ವ ಹೊಟ್ಟೆಯ ಗಡ್ಡೆಯಿಂದ ಹಾಸಿಗೆ ಹಿಡಿದಾಗ ಅವಳ ತಲೆದಿಂಬಿನ ಹತ್ತಿರ ಆ ಪ್ಯಾರಲಲ್ ಹಾಕಿಕೊಟ್ಟವರು ಅವರೇ. ಗಂಟೆಯ ಸದ್ದಿಗೆ ಬೆಚ್ಚುತ್ತಾಳೆಂದು ಆ ಫೋನಿನ ಗಂಟೆಯನ್ನು ಮೊದಲ ದಿನವೇ ಬಂದ್ ಮಾಡಿದ್ದರು. ಊಟವಾದ ಮೇಲೆ ಅವಳು ದಾಸನಕೊಪ್ಪದಲ್ಲಿದ್ದ ತಂಗಿ ಗಂಗವ್ವನ ಸಂಗಡ ಮಾತಾಡುತ್ತಿದ್ದಳು. ಮಾತಾಡಲಿ, ನೋವು ಮರೆಯುತ್ತದೆ ಎಂದು ಪರಮೇಶ್ವರಪ್ಪನೇ ಹೇಳಿದ್ದರು. ಒಂದು ದಿನ ಬನವಾಸಿ ರಸ್ತೆಯ ಕಂಬದ ಮೇಲೆ ಕೂತು ಲೈನು ನೋಡುತ್ತಿದ್ದಾಗ ಪರೀಕ್ಷೆಯ ಫೋನನ್ನು ತಮ್ಮ ಮನೆಯದೇ ತಂತಿಯ ಜೋಡಿಗೆ ಕಚ್ಚಿಸಿದರು. ಯಾರ ತಂತಿಗೆ ಕಚ್ಚಿಸಿದರೂ ಅವರ ಮಾತು ಕೇಳುತ್ತದೆ. ಕೇಳಬಾರದು ಎಂಬುದು ನಿಯಮ, ಒಂದು ಗಳಿಗೆ ಕೇಳಿ ತೆಗೆಯುವುದು ರೂಢಿ. ಆ ದಿನ ಅವರು ತೆಗೆಯಲಿಲ್ಲ. "ಇವರು ನನಗ ಮೈ ತೊಳಸೂದು ನೀ ನೋಡಬೇಕು ಗಂಗಾ," ಎನ್ನುತ್ತಿದ್ದಳು ಗುರುಶಾಂತವ್ವ. "ಕಂಬಕ್ಕ ಬಣ್ಣಾ ಬಳದಂಗ. ಮ್ಯಾಲಿಂದ ಕೆಳಗ ಒಂದೇ ಸಲ, ಮಾರಿ ಆ ಕಡೆ. ಆಮ್ಯಾಲೆ ಬಾಗಲದಾಗ ನಿಂತು ಕೈ ಮೂಸಿ ನೋಡ್ಕೋತಾರ. ನಾ ನೋಡೂದಿಲ್ಲ ಅಂತ ತಿಳದಾರ." ಗಂಗವ್ವ ನಕ್ಕಳು. ಅವಳೂ ನಕ್ಕಳು. ನಗೆ ನೋವಿಗೆ ತಾಗಿ ನಡುವೆ ತುಂಡಾಗಿ, ಮತ್ತೆ ಮುಂದುವರಿಯಿತು. ಕೆಳಗೆ ರಸ್ತೆಯಲ್ಲಿ ಯಾರೋ ಎಮ್ಮೆ ಹೊಡೆದುಕೊಂಡು ಹೋಗುತ್ತ, ಏನ್ರಿ ಪರಮೇಶ್ವರಪ್ಪಾರ, ಆರಾಮ ಅದೀರೇನು, ಎಂದು ಕೂಗಿದ. ಅವರು ಆರಾಮ ಎಂದು ಕೈ ಎತ್ತಿದ್ದರು.

ಮರುದಿನ ನೆರೆಯ ಹೆಂಗಸರು ಗುರುಶಾಂತವ್ವನನ್ನು ಹಿತ್ತಿಲ ಬಿಸಿಲಿಗೆ ಕರೆದೊಯ್ದಾಗ ಇವರು ಡಬ್ಬಿ ಬಿಚ್ಚಿ ವಾಯರು ಕತ್ತರಿಸಿದರು. ಎರಡು ದಿನ ಹೀಗಿರಲಿ ಎಂದುಕೊಂಡಿದ್ದರು, ಅಷ್ಟೇ. ಗೋಡೆಯೊಳಗಿನ ವಾಯರು ಸುಟ್ಟಿದೆ, ಗೋಡೆ ಒಡೆಯಬೇಕಾಗುತ್ತದೆ, ನೀನು ಏಳುವಂತಾದ ಮೇಲೆ ನೋಡೋಣ ಎಂದರು. ಲೈನ್‌ಮನ್ನನ ಹೆಂಡತಿ ಲೈನಿನ ವಿಷಯದಲ್ಲಿ ಬೇರೆ ಯಾರನ್ನು ಕೇಳಬೇಕು? ನಾಲ್ಕು ದಿನ, "ಇವತ್ತರ ನೋಡಿದ್ರೇನ್ರಿ?" ಎಂದು ಕೇಳಿದಳು. ಐದನೆಯ ದಿನ ಕೇಳಲಿಲ್ಲ. ಆ ಮೇಲೆ ಕೇಳಲೇ ಇಲ್ಲ. ಕೇಳಿದ್ದರೆ ಜೋಡಿಸಿಕೊಡುತ್ತಿದ್ದೆ ಎಂದು ಅವರು ಎಷ್ಟೋ ಸಲ ತಮಗೆ ಹೇಳಿಕೊಂಡಿದ್ದಾರೆ. ಅವಳು ಕೇಳದೆ ಇದ್ದದ್ದೇ ತಪ್ಪು ಎಂಬಂತೆ. ಆರನೆಯ ವಾರ, ಒಂದು ಮಧ್ಯಾಹ್ನ, ಪಡಸಾಲೆಯಿಂದ ಎದ್ದು ಒಳಗೆ ಹೋದಾಗ ಅವಳು ಗೋಡೆಗೆ ಒರಗಿ ಕೂತಿದ್ದಳು. ರಿಸೀವರು ಮಡಿಲಲ್ಲಿತ್ತು. ಕೈ ಇನ್ನೂ ಬಿಸಿ ಇತ್ತು. ಯಾರನ್ನು ಕರೆಯಲು ಎತ್ತಿದಳೋ, ಹನ್ನೆರಡು ಹೆಜ್ಜೆ ಆಚೆ ಇದ್ದ ತಮ್ಮನ್ನೋ, ತಂಗಿಯನ್ನೋ, ಅವರು ಕತ್ತರಿಸಿದ ವಾಯರಿನ ಮೌನ ಅವಳ ಕಿವಿಗೆ ಸಿಕ್ಕಿತು. ಧಾರವಾಡದ ಹಾಸ್ಟೆಲಿನಿಂದ ಓಡಿಬಂದ ಸ್ಫೂರ್ತಿ, ಫೋನು ಕೆಟ್ಟದ್ದು ಅವ್ವ ಮರೆತಿರಬೇಕು ಎಂದು ಅತ್ತಳು. ಅವರು ಹೌದು ಎಂದಿದ್ದರು. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಲಿಂಗವನ್ನು ಎಡಗೈಯಲ್ಲಿ ಹಿಡಿದು ದೃಷ್ಟಿ ನೆಟ್ಟು ಕೂತಾಗ ಶಿವ ಕಾಣುವುದಿಲ್ಲ, ಗೋಡೆಯ ಬಿಳಿ ಡಬ್ಬಿ ಕಾಣುತ್ತದೆ. ನೂರೆಂಟು ಸಲ ಮಂತ್ರ ಹೇಳುತ್ತಾರೆ. ಡಬ್ಬಿ ಅಲ್ಲೇ ಇರುತ್ತದೆ.

ಊಟ ಮುಗಿಸಿ, ಸ್ವಲ್ಪ ಅಡ್ಡಾಗಿ, ಎದ್ದು, ಹಳೆಯ ಚರ್ಮದ ಚೀಲ, ಹೊಸ ವಾಯರಿನ ಸುರುಳಿ, ಹೊಸ ಡಬ್ಬಿ ತೆಗೆದುಕೊಂಡು ಅವರು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಕೋಣೆಯನ್ನು ಸೋಮವಾರ ಸೋಮವಾರ ಗುಡಿಸಿ ಒರೆಸುವವರು ಅವರೇ, ಸ್ಫೂರ್ತಿಗೆ ಬಿಟ್ಟಿರಲಿಲ್ಲ. ಮಂಚ, ಮೂಲೆಯ ಸಣ್ಣ ಮೇಜು, ಅದರ ಮೇಲೆ ಬೂದು ಬಣ್ಣದ ಫೋನು. ಒಂಬತ್ತು ವರ್ಷ ಅದರ ಧೂಳು ಒರೆಸಿದ್ದಾರೆ, ರಿಸೀವರನ್ನು ಎತ್ತದೆ, ಬಟ್ಟೆಯನ್ನು ಅದರ ಅಡಿಯಿಂದ ಹಾಯಿಸಿ. ಪಡುವಣದ ಗೋಡೆಗೆ ಬಿಸಿಲು ಬಿದ್ದು ಒಳಮೈಯೂ ಬೆಚ್ಚಗಾಗಿತ್ತು. ಅಂಗೈ ಇಟ್ಟರೆ ಜ್ವರ ಬಂದ ಮೈಯ ಹಾಗೆ. ಈ ಕಾವಿಗೆ ತಾಮ್ರ ಹಿಗ್ಗುತ್ತದೆ, ಎಲ್ಲೋ ಏನೋ ತಾಗುತ್ತದೆ, ಇಂಟರ್ನೆಟ್ಟು ಬೀಳುತ್ತದೆ. ಇಷ್ಟೇ, ಎಂದು ಗಟ್ಟಿಯಾಗಿ ಹೇಳಿಕೊಂಡರು. ಹೇಳಿಕೊಂಡದ್ದನ್ನು ಕೋಣೆಯಲ್ಲಿ ಯಾರೋ ಕೇಳಿಸಿಕೊಂಡ ಹಾಗನಿಸಿ ಚೀಲದಲ್ಲಿ ಸ್ಕ್ರೂಡ್ರೈವರ್ ಹುಡುಕತೊಡಗಿದರು. ಮೊದಲು ಹಳೇ ಡಬ್ಬಿ ಬಿಚ್ಚಬೇಕು, ತುದಿಗಳನ್ನು ಬುಡದವರೆಗೆ ಕತ್ತರಿಸಿ ಜೇಬಿಗೆ ಹಾಕಿಕೊಳ್ಳಬೇಕು, ಹೊಸದನ್ನು ಕೂಡಿಸಬೇಕು. ಹತ್ತು ನಿಮಿಷ. ಆಮೇಲೆ ಯಾವುದಕ್ಕೂ ಸಾಕ್ಷಿ ಇಲ್ಲ.

ಸ್ಕ್ರೂವಿನ ತಲೆ ಒರಟೊರಟಾಗಿ ಸವೆದಿತ್ತು. ಅವರು ಸ್ಕ್ರೂವನ್ನು ಹಾಗೆ ಕೆಡಿಸುವವರಲ್ಲ; ನಾಣ್ಯದ ಅಂಚಿನಿಂದಲೋ ಚಮಚದ ತುದಿಯಿಂದಲೋ ಯಾರೋ ತಿರುಗಿಸಿದ ಹಾಗಿತ್ತು. ಮುಚ್ಚಳ ಕಳಚಿತು. ಒಳಗೆ ತಮ್ಮ ಮಡಿಕೆಗಳನ್ನು ಹುಡುಕಿದ ಕಣ್ಣು ಸ್ವಲ್ಪ ಹೊತ್ತು ಕಂಡದ್ದನ್ನು ಓದಲಿಲ್ಲ.

ವಾಯರುಗಳು ಕೂಡಿದ್ದವು.

ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಸುಲಿಯಲಾಗಿತ್ತು. ಕಚ್ಚಿದ ಗುರುತು ಸಾಲಾಗಿ, ಸಣ್ಣದಾಗಿ, ಒಂದು ಹಲ್ಲು ಇಲ್ಲದ ಕಡೆ ಖಾಲಿ ಬಿಟ್ಟು ಮೂಡಿತ್ತು. ತಾಮ್ರದ ಎಳೆಗಳನ್ನು ಅಡುಗೆಮನೆಯ ಕೈ ಜಡೆ ಹಾಕುವಂತೆ ಹೊಸೆದು, ಮೇಲೆ ಬಿಳಿಯ ನೂಲಿನಿಂದ ಬಿಗಿದಿತ್ತು. ಆ ನೂಲನ್ನು ಅವರು ಗುರುತಿಸಿದರು. ಏಳೆಳೆಯ ಶಿವದಾರ, ಕೊರಳಿನ ಲಿಂಗವನ್ನು ಹೊತ್ತಿರುವ ದಾರ. ವಿಭೂತಿಯ ಪುಡಿ ಇನ್ನೂ ಅದರಲ್ಲಿತ್ತು. ಮಣ್ಣಿಗಿಡುವ ದಿನ ಗುಂಡಿಯ ಅಂಚಿನಲ್ಲಿ ನಿಂತಿದ್ದ ಮಠದ ಅಯ್ಯಗಳು, ಈ ತಾಯಿಯ ಶಿವದಾರ ಯಾಕಿಷ್ಟು ಗಿಡ್ಡ, ಲಿಂಗ ಗಂಟಲಿಗೇ ಬಂದು ಕೂತಿದೆಯಲ್ಲ ಎಂದು ಕೇಳಿದ್ದರು. ಬೇನೆಯಲ್ಲಿ ಎಲ್ಲಿ ತುಂಡಾಯಿತೋ ಎಂದು ಇವರು ಹೇಳಿದ್ದರು. ಬೇನೆಯಲ್ಲಿ ಬಿದ್ದವಳು ಕೈಗೆ ಎಟಕುವ ಡಬ್ಬಿಯನ್ನು ಬಿಚ್ಚಿ, ಗಂಡನ ಇಕ್ಕಳದ ಗುರುತನ್ನು ನೋಡಿ, ಏನೂ ಅನ್ನದೆ, ಲಿಂಗದ ದಾರ ಹರಿದು ಕಟ್ಟಿ, ಮುಚ್ಚಳ ಮುಚ್ಚಿ ಮಲಗಿದ್ದಳು. ಸಂಜೆ ಅವರು ಮೈ ಒರೆಸಲು ಬಂದಾಗ ಕೈ ಎತ್ತಿಕೊಟ್ಟಿದ್ದಳು.

ಪರಮೇಶ್ವರಪ್ಪ ಮಂಚದ ಅಂಚಿನಲ್ಲಿ ಕೂತರು. ಫೋನು ಸತ್ತಿರಲಿಲ್ಲ. ಹಾಗಾದರೆ ಅವಳು ಕೊನೆಗೆ ಕೇಳಿದ್ದು ಮೌನವನ್ನಲ್ಲ. ಈ ಮಾತಿನಿಂದ ಎದೆ ಹಗುರಾಗಬೇಕಾಗಿತ್ತು. ಒಂಬತ್ತು ವರ್ಷದ ಭಾರ ಇಳಿಯಬೇಕಾಗಿತ್ತು. ಅದರ ಬದಲು ಒಂದು ಸಣ್ಣ ನೆನಪು, ತಾವು ಎಂದೂ ನೆನಪು ಎಂದು ಎಣಿಸದೆ ಇದ್ದದ್ದು, ಹುಳುವಿನ ಹಾಗೆ ಹತ್ತಿ ಬಂತು. ಒಂದೇ ಲೈನಿನ ಮೇಲೆ ಎರಡನೆಯ ರಿಸೀವರು ಎತ್ತಿದರೆ ಮಾತಾಡುವವರ ಧ್ವನಿ ಇಳಿಯುತ್ತದೆ, ಇಟ್ಟರೆ ಏರುತ್ತದೆ. ಹೊಸದಾಗಿ ಸೇರಿದವನಿಗೂ ಇದು ಗೊತ್ತು. ಆ ಆರು ವಾರ ಪಡಸಾಲೆಯ ಫೋನಿನಲ್ಲಿ ಅವರು ಮಾತಾಡುವಾಗ ಎಷ್ಟೋ ಸಲ ಧ್ವನಿ ಇಳಿದಿತ್ತು. ಎಕ್ಸ್‌ಚೇಂಜಿನ ಬ್ಯಾಟರಿ ಎಂದುಕೊಂಡಿದ್ದರು. ಕೊನೆಯ ಮಧ್ಯಾಹ್ನವೂ ಇಳಿದಿತ್ತು. ಆಫೀಸಿನ ಗುಮಾಸ್ತ ರಜೆಯ ವಿಷಯ ಕೇಳಲು ಫೋನು ಮಾಡಿದ್ದ. "ಶುಕ್ರವಾರಕ್ಕ ನನ್ನ ರಜಾ ಮುಗೀತೈತಿ," ಎಂದಿದ್ದರು ಇವರು. "ಅದರೊಳಗ ಆತಂದ್ರ ಚೊಲೊ. ಇಲ್ಲಾಂದ್ರ ಮತ್ತ ಅರ್ಜಿ ಬರೀಬೇಕು." ಆಗ ಧ್ವನಿ ಇಳಿಯಿತು. ಏನಂದ್ರಿ, ಕೇಳಿಸಲಿಲ್ಲ, ಎಂದ ಗುಮಾಸ್ತ. ಇವರು ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಅದೇ ಮಾತನ್ನು ಇನ್ನೊಮ್ಮೆ, ಬಿಡಿಸಿ ಬಿಡಿಸಿ, ಜೋರಾಗಿ ಹೇಳಿದ್ದರು. ಮಾತು ಮುಗಿಸಿ ಒಳಗೆ ಹೋದಾಗ ಮೂರೂ ಮುಕ್ಕಾಲು.

ಇಕ್ಕಳ ಕೈಯಲ್ಲೇ ಇತ್ತು. ಈ ಗಂಟನ್ನೂ ಕತ್ತರಿಸಿ ಜೇಬಿಗೆ ಹಾಕಿಕೊಂಡರೆ ಮುಗಿಯಿತು. ಅವರು ಇಕ್ಕಳದ ಬಾಯನ್ನು ದಾರದ ಹತ್ತಿರ ತಂದರು. ಶಿವದಾರಕ್ಕೆ ಕಬ್ಬಿಣ ತಾಗಿಸುವುದೇ ಎಂದು ಕೈ ನಿಂತಿತು. ಇಕ್ಕಳವನ್ನು ನೆಲದ ಮೇಲಿಟ್ಟರು. ಯಾಕೆಂದು ತಿಳಿಯದೆ, ಒಂಬತ್ತು ವರ್ಷ ಎತ್ತದೆ ಇದ್ದ ರಿಸೀವರನ್ನು ಎತ್ತಿ ಕಿವಿಗೆ ಹಿಡಿದರು.

"...ಕೋಣ್ಯಾಗ ಹೋಗಿ ತಾಸಾತು ಚಿಗವ್ವ, ಬಡದ ಸಪ್ಪಳಾನೂ ಇಲ್ಲ," ಎನ್ನುತ್ತಿದ್ದಳು ಸ್ಫೂರ್ತಿ. ಪಡಸಾಲೆಯಿಂದ ದಾಸನಕೊಪ್ಪಕ್ಕೆ ಮಾತಾಡುತ್ತಿದ್ದಳು. ಧ್ವನಿ ಬಹಳ ತೆಳ್ಳಗಿತ್ತು. ಎರಡು ರಿಸೀವರು ಎತ್ತಿದ್ದಕ್ಕೆ ಇಳಿಯಬೇಕಾದದ್ದಕ್ಕಿಂತ ತೆಳ್ಳಗೆ. ಜಾಯಿಂಟು ಸಡಿಲ ಎಂದುಕೊಂಡರು.

"ಹೋಗಿ ನೋಡಬಾರದೇನ?" ಎಂದಳು ಗಂಗವ್ವ.

"ಆ ಕೋಣಿಗೆ ಕಾಲಿಟ್ರ ಅವರಿಗೆ ಆಗೂದಿಲ್ಲ. ಅವ್ವನ ಮ್ಯಾಲೆ ಅಷ್ಟ ಜೀವ ನೋಡು. ಮೈಯೆಲ್ಲಾ ತಾವೇ ತೊಳೀತಿದ್ರು, ಇನ್ನೊಬ್ರ ಕೈಗೆ ಕೊಡಲಿಲ್ಲ. ಈಗಿನ ಗಂಡಸರು ಮಾಡ್ತಾರೇನು?"

"ಅದು ಖರೆ," ಎಂದಳು ಗಂಗವ್ವ, ಸ್ವಲ್ಪ ತಡೆದು. ಆ ತಡೆದದ್ದು ಅವರಿಗೆ ಬೇಕಾದಷ್ಟು ಕೇಳಿಸಿತು. "ಅಲ್ಲಾ, ನಿನ್ನ ಧ್ವನಿ ಈಗ ಯಾಕ ಸಣ್ಣಾತು?"

"ನಿಂದೂ ಹಂಗs ಆಗೇತಿ. ಮೂರೂ ಮುಕ್ಕಾಲಾತಲ್ಲ. ಇಲ್ಲಾ ಅಪ್ಪ ವಾಯರ್ ಮುಟ್ಟಿರಬೇಕು."

"ಒಳಗಿನ ಫೋನ್ ಎತ್ತ್ಯಾರೇನ ಮತ್ತ?"

"ಅದು ಅವ್ವ ಇರಾಗs ಕೆಟ್ಟದ್ದಲ್ಲ."

ಈಗ ಮೆಲ್ಲಗೆ ಇಟ್ಟರೆ ಆಯಿತು. ಟಕ್ ಎಂದು ಸದ್ದಾದರೂ ವಾಯರಿನದು ಎನ್ನುತ್ತಾರೆ. ಹೊಸ ಡಬ್ಬಿ ಕೂಡಿಸಿ, ಮೋಡೆಮ್ಮಿನ ಹಸಿರು ದೀಪ ಹೊತ್ತಿಸಿ ಹೊರಗೆ ಹೋದರೆ ಮಗಳು ಚಹ ಕೊಡುತ್ತಾಳೆ. ಅಷ್ಟ ಜೀವ ನೋಡು. ಅವಳು ಹಾಗೆಯೇ ತಿಳಿದುಕೊಂಡಿರುತ್ತಾಳೆ; ತಾವು ಸತ್ತಮೇಲೂ ಹಾಗೆಯೇ ಹೇಳುತ್ತಾಳೆ. ಹೇಳಲಿ. ಆದರೆ ಕಿವಿಗೆ ಒತ್ತಿದ್ದ ರಿಸೀವರು ಇಳಿಯಲಿಲ್ಲ. ಗುರುಶಾಂತವ್ವನೂ ಹೀಗೆಯೇ ಕೂತು, ಉಸಿರು ಬಿಗಿಹಿಡಿದು, ತನ್ನ ವಿಷಯವನ್ನು ಬೇರೆಯವರ ಬಾಯಲ್ಲಿ ಕೇಳಿದ್ದಳು.

"ಕೆಟ್ಟಿರಲಿಲ್ಲ," ಎಂದರು.

"ಅಪ್ಪಾ?"

"ಕೆಟ್ಟಿರಲಿಲ್ಲ, ಸ್ಫೂರ್ತಿ. ನಾ ಕಡದಿದ್ದೆ."

"ಏನ ಕಡದಿದ್ರಿ?"

"ವಾಯರ್. ನಿಮ್ಮವ್ವ ಮಾತಾಡಬಾರದು ಅಂತ. ಗಂಗಾ, ನಿನ್ನ ಕೂಡ ಮಾತಾಡಬಾರದು ಅಂತ."

ಲೈನಿನಲ್ಲಿ ಯಾವಾಗಲೂ ಇರುವ ದೂರದ ಮೊರೆತದಂಥ ಸದ್ದು ಮಾತ್ರ ಇತ್ತು. ನಿಲ್ಲಿಸಿದರೆ ಮತ್ತೆ ಹೇಳಲಾರೆ ಎಂದು ಅವರು ಹೇಳುತ್ತ ಹೋದರು. ಕಂಬದ ಮೇಲೆ ಕೂತು ಕೇಳಿದ್ದು, ನಗೆ, ಕೈ ಮೂಸಿ ನೋಡಿಕೊಂಡದ್ದು. "ಅಕಿ ಹೇಳಿದ್ದು ಖರೇನ ಇತ್ತು ಗಂಗಾ, ನಾ ಮೂಸಿ ನೋಡ್ತಿದ್ದೆ." ಗೋಡೆ ಒಡೆಯಬೇಕು ಎಂದ ಸುಳ್ಳು. ಹಲ್ಲಿನ ಗುರುತು, ಶಿವದಾರ. ಗಂಗವ್ವ, "ಅಯ್ಯ ಶಿವನೇ," ಎಂದದ್ದು ಹತ್ತಿಯೊಳಗಿಂದ ಬಂದ ಹಾಗೆ ಕೇಳಿಸಿತು. ಕೊನೆಗೆ ಗುಮಾಸ್ತನಿಗೆ ಹೇಳಿದ್ದು ಉಳಿಯಿತು. ಅದನ್ನು ಬಿಡಬಹುದಾಗಿತ್ತು, ಅದು ಇಬ್ಬರಿಗೂ ಎಂದೂ ತಿಳಿಯುವಂಥದ್ದಲ್ಲ. ಅವರು ಅದನ್ನು ಅಂದು ಹೇಳಿದ ಹಾಗೆಯೇ, ಒಂದು ಅಕ್ಷರ ಬಿಡದೆ ಹೇಳಿದರು. "ಶುಕ್ರವಾರಕ್ಕ ನನ್ನ ರಜಾ ಮುಗೀತೈತಿ. ಅದರೊಳಗ ಆತಂದ್ರ ಚೊಲೊ. ಹಿಂಗಂದೆ. ಎರಡು ಸಲ ಅಂದೆ. ಅಕಿ ಕೇಳಿದ್ಲು. ಅಕಿ ಅದನ್ನ ಕೇಳೇ ಹೋದ್ಲು."

ಲೈನಿನಲ್ಲಿ ಟಕ್ ಎಂದು ಸಣ್ಣ ಸದ್ದಾಯಿತು. ರಿಸೀವರನ್ನು ಮೆಲ್ಲಗೆ, ಎರಡೂ ಕೈಯಲ್ಲಿ ಹಿಡಿದು ಇಟ್ಟಾಗ ಆಗುವ ಸದ್ದು. ಅದರ ಬೆನ್ನಿಗೇ ಲೈನು ತೆರೆದುಕೊಂಡಿತು. ತಮ್ಮ ಉಸಿರು ತಮ್ಮ ಕಿವಿಗೆ ದೊಡ್ಡದಾಗಿ, ಹತ್ತಿರದಲ್ಲಿ ಕೇಳಿಸಿತು.

ಮಗಳು ಇಟ್ಟಳು. ಇಡಲಿ. ಅವಳ ಹೆಜ್ಜೆ ಬಾಗಿಲ ಕಡೆ ಬರುತ್ತದೆಯೋ, ಬೀದಿಯ ಕಡೆ ಹೋಗುತ್ತದೆಯೋ ಎಂದು ಅವರು ಕಣ್ಣು ಮುಚ್ಚಿ ಕಾದರು.

"ಕೇಳಾಕ ಹತ್ತೀನಿ ಅಪ್ಪಾ," ಎಂದಳು ಸ್ಫೂರ್ತಿ. ಧ್ವನಿ ಒಡೆದಿತ್ತು, ಆದರೆ ಪಕ್ಕದಲ್ಲಿ ಕೂತು ಹೇಳಿದಷ್ಟು ಸ್ಪಷ್ಟವಾಗಿ ಬಂತು. "ಇಟ್ಟಿಲ್ಲ. ಹೇಳ್ರಿ."

"ಗಂಗಾ?"

"ನಾನೂ ಅದೀನಿ ಮಾವಾರ," ಎಂದಳು ಗಂಗವ್ವ, ದಾಸನಕೊಪ್ಪದಿಂದ, ಅಷ್ಟೇ ಸ್ಪಷ್ಟವಾಗಿ. "ಎಲ್ಲಿ ಹೋಗ್ಲಿ ನಾ."

ಪರಮೇಶ್ವರಪ್ಪ ತಮ್ಮ ಕೈಯಲ್ಲಿದ್ದ ರಿಸೀವರನ್ನು ಕಿವಿಯಿಂದ ತೆಗೆದು ನೋಡಿ, ಮತ್ತೆ ಕಿವಿಗೆ ಹಿಡಿದರು. ಯಾರು ಇಟ್ಟರು ಎಂದು ಅವರು ಕೇಳಲಿಲ್ಲ.